ರೇಣವ್ವ ಕುಳಿತಿದ್ದ ಕೋಣೆ

ಗಾಜಿನ ಪೆಟ್ಟಿಗೆಯೊಳಗೆ ಹೃದಯವೊಂದು ಒಂಟಿಯಾಗಿ ಬಡಿದುಕೊಳ್ಳುತ್ತಿತ್ತು. ಸಣ್ಣ ಪಂಪು ಅದಕ್ಕೆ ಬೆಚ್ಚನೆಯ ರಕ್ತ ಉಣಿಸುತ್ತಿತ್ತು. ಹಿಂದೆಲ್ಲ ದೇಹ ಬಿಟ್ಟ ಹೃದಯ ಕೆಲವೇ ಗಂಟೆಗಳಲ್ಲಿ ಕೆಡುತ್ತಿತ್ತು. ಹುಬ್ಬಳ್ಳಿಯ ಡಾಕ್ಟರ್ ಮಂದಾಕಿನಿ ಕಟ್ಟಿ ರೂಪಿಸಿದ ಈ 'ಹೃದಯಧಾರಕ'ದಲ್ಲಿ ವಾರಗಟ್ಟಲೆ ಬದುಕುತ್ತಿತ್ತು. ಆತುರವೇ ಇಲ್ಲದ ಮೇಲೆ ಸತ್ತವರ ಮನೆಯವರು ಬಂದು ನೋಡಿ, ಕೊನೆಯ ಒಪ್ಪಿಗೆಯನ್ನು ನಿಧಾನವಾಗಿ ಕೊಡಲಿ ಎಂದು ಆಕೆಯೇ ನಿಯಮ ಮಾಡಿದ್ದಳು.

ಆ ಹೃದಯ ಸಿಗಬೇಕಾದದ್ದು ಫಕೀರೇಶನಿಗೆ. ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಗಟ್ಟಿ ಆಳು ಈಗ ಬಚ್ಚಲಿಗೆ ನಡೆದರೂ ಏದುಸಿರು ಬಿಡುತ್ತಿದ್ದ. ಅವನಿಗೂ ಹೃದಯಕ್ಕೂ ನಡುವೆ ರೇಣವ್ವ ಇದ್ದಳು. ಹೃದಯ ಅಪಘಾತದಲ್ಲಿ ಸತ್ತ ಅವಳ ಮಗನದು; ಅವನನ್ನು ಮಣ್ಣು ಮಾಡಿಯಾಗಿತ್ತು. ಆದರೂ ದಿನವೂ ಬಂದು ಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಒಪ್ಪಿಗೆ ಕೇಳಿದರೆ ನಾಳೆ ಹೇಳುತ್ತೇನೆ ಎನ್ನುತ್ತಿದ್ದಳು. ಒತ್ತಾಯಿಸುವಂತಿರಲಿಲ್ಲ.

ಒಂದು ಮಧ್ಯಾಹ್ನ ಫಕೀರೇಶ ಗಾಲಿಕುರ್ಚಿಯಲ್ಲಿ ಆ ಕೋಣೆಗೆ ಹೋದ. ಬೇಡಿಕೊಳ್ಳಬೇಕೆಂದೇ ಹೋದವನು ಅವಳನ್ನು ಕಂಡು ಬಾಗಿಲ ಬಳಿಯೇ ಗಾಲಿ ನಿಲ್ಲಿಸಿದ. ರೇಣವ್ವ ಅವನ ಊದಿದ ಪಾದ ನೋಡಿದಳು, ನೀಲಿಗಟ್ಟಿದ ತುಟಿ ನೋಡಿದಳು.

"ನಿನಗೇನಪಾ ಇದು?"

ಅವನು ಹೌದೆಂದು ತಲೆಯಾಡಿಸಿದ.

"ಇದು ಬಡಿಯೂತನಕ ಅವ ಹ್ವಾದ ಅಂತ ನನಗ ಅನಸೂದಿಲ್ಲ," ಎಂದಳು. "ನಿನ್ನ ಮೈಯಾಗ ಹ್ವಾದರ, ಅವ ಇಲ್ಲ ಅಂತ ಒಪ್ಪಬೇಕಾಕೈತಿ."

ಹೊತ್ತು ಇಳಿಯುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದರು. ಏಳುವಾಗ ಅವಳು ಗಾಜಿನ ಮೇಲೆ ಅಂಗೈ ಇಟ್ಟು, ತೆಗೆದು, ಡಾಕ್ಟರನ್ನು ಕರೆಯಲು ಹೇಳಿದಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತು. ಸೀಳಿದ ಎದೆಮೂಳೆಯ ನೋವು, ದೇಹ ಹೊಸ ಹೃದಯವನ್ನು ಹೊರದಬ್ಬದಂತೆ ಜೀವನವಿಡೀ ನುಂಗಬೇಕಾದ ಮಾತ್ರೆ, ಮುಖಕ್ಕೆ ಮಾಸ್ಕು, ಎಲ್ಲಕ್ಕೂ ಅವನು ಒಗ್ಗಿಕೊಂಡ. ರೇಣವ್ವ ಮಾತ್ರ ಮತ್ತೆ ಬರಲಿಲ್ಲ. ಅವಳ ಊರು ಹೇಳಲು ಆಸ್ಪತ್ರೆಗೆ ಅನುಮತಿಯಿರಲಿಲ್ಲ.

ತಿಂಗಳುಗಳ ನಂತರ ಸಂತೆಯಲ್ಲಿ ಅವಳ ಬೆನ್ನು ಕಂಡಂತಾಯಿತು. ಅವ್ವಾ ಎಂದು ಕರೆದ. ತಿರುಗಿದವಳು ಬೇರೆ ಯಾರೋ. ಅವಳು ಹೊರಟುಹೋದ ಮೇಲೆ ಅವನ ಎದೆ ಡವಡವ ಹೊಡೆದುಕೊಳ್ಳತೊಡಗಿತು.

ತಪಾಸಣೆಗೆ ಹೋದಾಗ ಮಂದಾಕಿನಿಗೆ ಅದನ್ನು ಹೇಳಿದ. ಕಸಿ ಮಾಡುವಾಗ ಹೃದಯದ ನರಗಳು ಕಡಿದುಹೋಗುತ್ತವೆ, ಗಾಬರಿಯ ಸುದ್ದಿ ರಕ್ತದ ಮೂಲಕ ತಡವಾಗಿ ತಲುಪುತ್ತದೆ, ಮೊದಲ ಕಸಿಗಳ ಕಾಲದಿಂದಲೂ ಹೀಗೇ ಎಂದು ಆಕೆ ವಿವರಿಸಿದಳು. ಆಮೇಲೆ, ಇನ್ನು ಮುಂದೆ ಪೆಟ್ಟಿಗೆಯನ್ನು ಮನೆಯವರಿಗೆ ತೋರಿಸುವುದಿಲ್ಲ ಎಂದಳು. ರೇಣವ್ವ ಕಾಯಿಸಿದ ದಿನಗಳಲ್ಲಿ ಅವನು ಸತ್ತೇ ಹೋಗಬಹುದಿತ್ತು.

ಫಕೀರೇಶ ಅಂಗಿಯ ಗುಂಡಿ ಹಾಕಿಕೊಂಡ. "ನೋಡದಿದ್ರ ಆಕಿ ಮೊದಲ್ನೇ ದಿನಾನ ಕೊಟ್ಟಬಿಡತಿದ್ಲರಿ," ಎಂದ. "ಏನ್ ಕೊಟ್ಟೆ ಅಂತ ಆಕಿಗೂ ತಿಳೀತಿರಲಿಲ್ಲ, ಏನ್ ತಗೊಂಡೆ ಅಂತ ನನಗೂ ತಿಳೀತಿರಲಿಲ್ಲ."

ಪೆಟ್ಟಿಗೆ ಇಲ್ಲದ ಹಳೆಯ ಕಾಲದಲ್ಲಿ ಆಸ್ಪತ್ರೆಯ ಓಣಿಯಲ್ಲಿ ನಿಂತು, ಮೈ ಇನ್ನೂ ಬೆಚ್ಚಗಿದ್ದ ಮಗನ ಹೃದಯಕ್ಕೆ ಕ್ಷಣದಲ್ಲೇ ಹೂಂ ಎಂದವರು ಮನೆಗೆ ಹೋಗಿ ಏನು ಮಾಡಿದರೋ, ಮಂದಾಕಿನಿ ಈವರೆಗೆ ಎಂದೂ ಯೋಚಿಸಿರಲಿಲ್ಲ.