ಬಂಡೆಯ ಹಿಂದಿನ ಮರಳು

ನದಿಯನ್ನೇ ಪಾಲುದಾರನನ್ನಾಗಿ ಮಾಡಿಕೊಂಡ ಕಳ್ಳನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬೀಗ ಒಡೆಯುವವರನ್ನು ಕಂಡಿರುತ್ತೀರಿ, ಬಿಡಿ. ಇಲ್ಲಿ ಬೀಗ ಒಡೆಯಲಿಲ್ಲ, ಬೆರಳಚ್ಚು ಉಳಿಯಲಿಲ್ಲ. ಕದ್ದ ಮಾಲಿನ ಮೇಲೆ ಭದ್ರಾ ಹೊಳೆಯೇ ಮರಳು ಸುರಿದು ಕೈ ತೊಳೆದುಕೊಂಡಿತು. ಇಂಥ ಕೆಲಸಕ್ಕೆ ಗುಂಡಿಗೆ ಇದ್ದರಷ್ಟೇ ಸಾಲದು, ಮರಳಿನ ಮರ್ಜಿಯೂ ಗೊತ್ತಿರಬೇಕು. ದುಶ್ಯಂತ್‌ಗೆ ಎರಡೂ ಇದ್ದವು. ಇಂಟರ್ವಲ್ಲಿಗೇ ಕ್ಲೈಮ್ಯಾಕ್ಸ್ ಊಹಿಸುವ ಜಾಣರಿಗೂ ಅವನು ಸಿಕ್ಕಿಬೀಳುವುದಿಲ್ಲ, ಬೇಕಾದರೆ ಪಂಥ ಕಟ್ಟಿ.

ಅವನು ಶಿವಮೊಗ್ಗದ ಒಂದು ನದಿ ಅಧ್ಯಯನ ಕೇಂದ್ರದಲ್ಲಿ ಸಂಶೋಧನಾ ವಿದ್ಯಾರ್ಥಿ. ಮೂರು ವರ್ಷ ಹೊಳೆಯ ತಳ ಕೆದಕಿ ಒಂದು ವಾದ ಕಟ್ಟಿದ್ದ: ಹತ್ತು ಮಳೆಗಾಲ ಮಾಡದ ಬದಲಾವಣೆಯನ್ನು ಕಡಲಿನಲ್ಲಿ ಏಳುವ ಒಂದೇ ಒಂದು ಚಂಡಮಾರುತ ನದಿಯ ತಳದಲ್ಲಿ ಮಾಡಬಲ್ಲದು. ಕ್ಯಾಂಟೀನಿನಲ್ಲಿ ಕೂಲಿಂಗ್ ಗ್ಲಾಸ್ ಹಣೆಗೇರಿಸಿ, "ಮಳೆಗಾಲ ಬರೀ ಸೈಡ್ ಆ್ಯಕ್ಟರ್ ಕಣ್ರೋ. ಹೀರೋ ಎಂಟ್ರಿ ಅಂದ್ರೆ ಚಂಡಮಾರುತ!" ಎನ್ನುತ್ತಿದ್ದ.

ಆಮೇಲೆ ಸಮತಾ ಬಂದಳು, ಭದ್ರಾವತಿಯ ಕಾರ್ಖಾನೆ ಕಾರ್ಮಿಕ ರಂಗಪ್ಪನ ಮಗಳು. ನದಿಯ ತಳಕ್ಕೆ ಪ್ಲಾಸ್ಟಿಕ್ ಕೊಳವೆ ಹೊಡೆದಿಳಿಸಿ, ಪದರ ಪದರವಾಗಿ ಕೂತ ಮಣ್ಣನ್ನು ಕದಲದಂತೆ ಮೇಲೆತ್ತುವುದು ಅವಳ ಕೆಲಸ. ಅವಳ ಕೊಳವೆಗಳಲ್ಲಿ ಹಳೆಯ ಚಂಡಮಾರುತಗಳ ಮರಳು ಬೆರಳ ದಪ್ಪವೂ ಇರಲಿಲ್ಲ. ಇಬ್ಬರಿಗೂ ಮಾರ್ಗದರ್ಶಕರಾದ ರವಿಶಂಕರ ಸರ್ ದುಶ್ಯಂತ್‌ನನ್ನು ಕರೆದರು.

"ನಿನ್ನ ಅಧ್ಯಾಯ ನಿಲ್ಲಲ್ಲ ಕಣಯ್ಯ. ಮೊದಲಿಂದ ಬರಿ."

"ಸಾರ್, ಮೂರು ವರ್ಷದ ಕೆಲ್ಸ ಅದು..."

"ಕೊಳವೆ ಕಣ್ಣೆದುರಿಗಿದೆ. ನಾನೇನ್ ಮಾಡ್ಲಿ?"

ಹೊರಗೆ ಸಮತಾ ಕಾದಿದ್ದಳು. "ಬೇಜಾರ್ ಮಾಡ್ಕೋಬೇಡ ಮಾರಾಯ, ಟೀ ಕುಡಿಯೋಣ ಬಾ" ಎಂದು ಕರೆದೊಯ್ದು ಏನೇನೋ ಮಾತಾಡಿದಳು. ಅವನು ತಲೆಯಾಡಿಸಿದ, ಒಂದು ಮಾತೂ ಕಿವಿಗಿಳಿಯಲಿಲ್ಲ. ಆ ಟೀ ಅವನ ಹೊಟ್ಟೆಯಲ್ಲಿ ವಾರವಿಡೀ ಕುದಿಯಿತು.

ಕೊಳವೆಗಳಿದ್ದುದು ಭದ್ರಾವತಿಯ ಹೊರಗೆ, ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ ಎಂಬ ಸುದ್ದಿ ಬಂದದ್ದೇ, ಸಾಮಾನು ಎತ್ತರಕ್ಕೆ ಸಾಗಿಸುತ್ತೇನೆಂದು ದುಶ್ಯಂತ್ ತಾನಾಗಿ ಕೀಲಿ ಈಸಿಕೊಂಡ. ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ ಇಡೀ ಚಿತ್ರಕತೆ ತಲೆಯಲ್ಲಿ ಸಿದ್ಧವಿತ್ತು. ಶೆಡ್ಡನ್ನು ಪ್ರವಾಹ ನುಂಗುತ್ತದೆ, ಪ್ರವಾಹವನ್ನು ಯಾರೂ ಠಾಣೆಗೆ ಕರೆಯುವುದಿಲ್ಲ. ಆದರೆ ಕೊಳವೆಗಳನ್ನು ಹಾಗೇ ಬಿಟ್ಟರೆ ಉರುಳಿಹೋಗಿ ಎಲ್ಲೋ ದಡಕ್ಕೆ ಬಿದ್ದು ಯಾರಿಗೋ ಸಿಗುತ್ತವೆ. ಮುಚ್ಚಳ ತೆಗೆದು ಮಣ್ಣು ಸುರಿದುಬಿಡಬಹುದಿತ್ತು. ಕೈ ಹಾಕಿದ, ಆಗಲಿಲ್ಲ. ಈ ಕೆಲಸ ಕಲಿತವನಿಗೆ ಪದರ ಕೆಡಿಸುವುದೆಂದರೆ ದೇವರ ದೀಪ ಊದಿದ ಹಾಗೆ. ಹೂತುಬಿಡೋಣ, ಕೆಡಿಸುವುದು ಬೇಡ ಎಂದುಕೊಂಡ.

ಗೋಣಿಚೀಲ ತಂದಿದ್ದ, ಕೊಳವೆಗಳನ್ನು ಅದಕ್ಕೆ ಇಳಿಸಿದ. ಭಾರಕ್ಕೆ ಕಲ್ಲು ಶೆಡ್ಡಿನ ಮೂಲೆಯಲ್ಲೇ ಇದ್ದವು. ಕಲ್ಲಿನ ಹೊಟ್ಟೆಗೆ ಅಯಸ್ಕಾಂತ ಸೇರಿಸಿ, ಹಳದಿ ಬಣ್ಣ ಬಳಿದು ಹೊಳೆಗೆ ಬಿಡುವುದು ಕೇಂದ್ರದ ರೂಢಿ. ನೀರಿಳಿದ ಮೇಲೆ, ಅಯಸ್ಕಾಂತ ಸಿಕ್ಕರೆ ಕೂಗುವ ಯಂತ್ರ ಹಿಡಿದು ಹುಡುಕಿದರೆ ಪ್ರವಾಹ ಯಾವ ಕಲ್ಲನ್ನು ಎಲ್ಲಿಗೆ ಒಯ್ದಿದೆ ಎಂದು ತಿಳಿಯುತ್ತದೆ. ಹಳದಿ ಕಲ್ಲುಗಳನ್ನು ದುಶ್ಯಂತ್ ಮುಟ್ಟಲಿಲ್ಲ. ಅಷ್ಟು ದಡ್ಡನೇ ಅವನು? ಬಣ್ಣವಿಲ್ಲದ ಕಲ್ಲುಗಳನ್ನೇ ಆರಿಸಿ ತುಂಬಿದ. ಪಕ್ಕದಲ್ಲಿದ್ದ ಹೊಸ ಬಣ್ಣದ ಡಬ್ಬದ ಮೇಲೆ ಆರಾಮಾಗಿ ಕೂತು ನೈಲಾನ್ ಹಗ್ಗದ ಗಂಟು ಬಿಗಿದ.

ದಡಕ್ಕೆ ತಾಗಿ ಆನೆ ಮಲಗಿದಂಥ ಒಂದು ಬಂಡೆ. ಹುಚ್ಚುಹೊಳೆಯೂ ಅದರ ಬೆನ್ನ ಹಿಂದೆ ದಣಿದು ನಿಧಾನವಾಗುತ್ತದೆ, ಹೊತ್ತುತಂದ ಮರಳನ್ನು ಅಲ್ಲೇ ಇಳಿಸುತ್ತದೆ. ಮೂರು ವರ್ಷದ ಓದು ವ್ಯರ್ಥವಾಗಲಿಲ್ಲ. ಚೀಲವನ್ನು ಅಲ್ಲಿಗೇ ಜಾರಿಸಿ, "ನಿನ್ನ ಸೀನ್ ಮುಗೀತು, ಹೋಗು ತಾಯಿ" ಎಂದ.

ಸಂಜೆಗೆ ಮಳೆ ಹಗ್ಗದಂತೆ ಇಳಿಯಿತು. ಮರುದಿನ ಶೆಡ್ಡಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ದುಶ್ಯಂತ್ ಅಂಗಿ ಹರಿದುಕೊಂಡು, ಮೈಗೆಲ್ಲ ಕೆಸರು ಮೆತ್ತಿಕೊಂಡು ರಂಗಪ್ಪನ ಮನೆಯ ಬಾಗಿಲಲ್ಲಿ ನಿಂತ. ರವಿಶಂಕರ ಸರ್ ಅಲ್ಲಿಗೇ ಧಾವಿಸಿ ಬಂದಿದ್ದರು.

"ಎದೆಮಟ್ಟ ನೀರು ಸಾರ್! ಒಂದೊಂದೇ ಕೊಳವೆ ಕೈ ಜಾರಿ, ನನ್ನ ಕಣ್ಣೆದುರೇ ಕೊಚ್ಕೊಂಡ್ ಹೋಯ್ತು!"

ಸಮತಾ ಅಳಲಿಲ್ಲ. ಗೋಡೆಗೊರಗಿ ಕೂತು, "ನೀನು ಬದುಕಿ ಬಂದ್ಯಲ್ಲ, ಸಾಕು ಬಿಡು ಮಾರಾಯ" ಎಂದಳು. ರಂಗಪ್ಪ ತನ್ನ ಟವೆಲ್ಲಿನಿಂದಲೇ ಅವನ ತಲೆ ಒರೆಸಿದ. "ನಮ್ ಹುಡುಗಿ ಕೆಲ್ಸಕ್ಕೆ ಜೀವಾನೇ ಒತ್ತೆ ಇಟ್ಯಲ್ಲೋ ಮಗಾ."

ಆ ಟವೆಲ್ಲಿನ ಸೋಪಿನ ವಾಸನೆ ದುಶ್ಯಂತ್‌ನನ್ನು ಆಮೇಲೂ ಬಿಡಲಿಲ್ಲ, ನಿದ್ದೆಗೂ ಬಂತು.

ಹೊಳೆ ಇಳಿದ ಮೇಲೆ ಎಲ್ಲರೂ ಹಳದಿ ಕಲ್ಲು ಹುಡುಕಲು ಹೋದರು. ಯಂತ್ರ ಹಿಡಿದವನು ದುಶ್ಯಂತ್.

"ಆ ಬಂಡೆ ಹಿಂದೆ ನೋಡಿದ್ಯೇನೋ?" ಸಮತಾ ಕೇಳಿದಳು.

"ಏನಿಲ್ಲ ಅಲ್ಲಿ. ಬರೀ ಮರಳು."

"ನಿನ್ನ ಲೆಕ್ಕದಲ್ಲಿ ಎಲ್ಲ ಅಲ್ಲೇ ಅಲ್ವಾ ಬಂದು ಬೀಳೋದು? ಕೊಡಿಲ್ಲಿ."

ಕೊಟ್ಟ. ಕೊಡದೆ ಏನು? ಪ್ಲಾಸ್ಟಿಕ್ ಕೊಳವೆ, ಗೋಣಿ, ನೈಲಾನ್, ಬರೀ ಕಲ್ಲು. ಇವುಗಳಲ್ಲಿ ಯಾವುದೂ ಯಂತ್ರಕ್ಕೆ ಕೇಳಿಸುವಂಥದ್ದಲ್ಲ.

ಬಂಡೆಯ ಹಿಂದೆ ಯಂತ್ರ ಗಂಟಲು ಹರಿಯುವಂತೆ ಕಿರುಚಿತು. ಒಂದೇ ಜಾಗದಲ್ಲಿ, ಬಿಡದೆ. ಅಗೆದರು. ಸಮತಾ ಮಂಡಿಯೂರಿ, ತೋಳಿನುದ್ದ ಕೈ ಇಳಿಸಿ ಗೋಣಿಯ ಬಾಯಿ ಹಿಡಿದಳು. ರವಿಶಂಕರ ಸರ್ ಗುಂಡಿಯ ಅಂಚಿನ ಮರಳನ್ನೇ ನೋಡುತ್ತಿದ್ದರು. "ಇಷ್ಟು ಮರಳು, ಒಂದೇ ಮಳೆಗೆ. ನಿನ್ನ ಅಧ್ಯಾಯ ಸರಿಯಾಗೇ ಇತ್ತು ಕಣಯ್ಯ" ಎಂದರು, ತಲೆಯೆತ್ತದೆ. ಒಳಗೆ ಕೊಳವೆಗಳು ಹೇಗಿದ್ದವೋ ಹಾಗೇ ಇದ್ದವು. ಸಮತಾ ಬಿಚ್ಚಿದ ಹಗ್ಗವನ್ನು ಅವನ ಮುಂದೆ ಹಿಡಿದಳು. "ಕೈ ಜಾರಿ ಹೋಯ್ತು ಅಂದ್ಯಲ್ಲೋ. ಹೊಳೆ ಗಂಟು ಹಾಕುತ್ತಾ?"

ಪಂಥ ನಾನೇ ಸೋತೆ, ಒಪ್ಪಿಕೊಂಡೆ. ಮೊದಲಿಗೆ ನಾನು ಕೊಚ್ಚಿಕೊಂಡದ್ದೆಲ್ಲ ಚೀಲ ಜಾರಿಸಿದಾಗಿನ ದುಶ್ಯಂತ್‌ನ ಜಂಬವಷ್ಟೇ. ಚಂಡಮಾರುತ ಅವನಿಗೆ ಮೋಸ ಮಾಡಲಿಲ್ಲ, ಮರಳೂ ಮಾಡಲಿಲ್ಲ, ಎರಡೂ ಅವನ ಲೆಕ್ಕದಂತೆಯೇ ನಡೆದುಕೊಂಡವು. ನಿಜಕ್ಕೂ ನಡೆದದ್ದು ಇಷ್ಟು: ಅವನ ಹೊಟ್ಟೆಯಲ್ಲಿ ಕುದಿದ ಆ ಟೀ ಕುಡಿಯುವಾಗ ಸಮತಾ ಹೇಳಿದ್ದಳು, ಶೆಡ್ಡಿನಲ್ಲಿ ಉಳಿದ ಕಲ್ಲುಗಳಿಗೂ ಅಯಸ್ಕಾಂತ ಕೂರಿಸಿ ಕಲ್ಲುಪುಡಿಯಲ್ಲಿ ತೂತು ಮುಚ್ಚಿದ್ದೇನೆ, ಡಬ್ಬ ಅಲ್ಲೇ ಇಟ್ಟಿದ್ದೇನೆ, ಬಣ್ಣ ಬಳಿಯುವ ಪಾಳಿ ಈ ಸಲ ನಿನ್ನದು ಎಂದು. ಆ ಡಬ್ಬದ ಮುಚ್ಚಳವನ್ನು ದುಶ್ಯಂತ್ ತೆಗೆದೇ ಇರಲಿಲ್ಲ. ಅದರ ಮೇಲೆ ಕೂತಿದ್ದ, ಅಷ್ಟೇ.