ಬೇಡ ಅಂದಿದ್ದು ಯಾರು?

"ರೀ... ಆ ಸೇವಂತಿಗೆ ಬುಟ್ಟಿ ಸ್ವಲ್ಪ ಮೇಲಕ್ಕೆ ಕೊಡ್ತೀರಾ?"

ಏಣಿಯ ಮೇಲಿಂದ ಬಂದ ದನಿಗೆ ಶಾಂತಲಾ ತಲೆ ಎತ್ತಿದಳು. ಮಾತಾಡಿದವನ ಮುಖ ಕಾಣಲಿಲ್ಲ. ಎರಡಾಳೆತ್ತರದ ಹೂವಿನ ನವಿಲು ಅವನನ್ನು ಮರೆಮಾಡಿತ್ತು. ಕೆಳಗೆ ಚಾಚಿದ ಒಂದು ಕೈ ಮಾತ್ರ ಕಾಣುತ್ತಿತ್ತು.

ಅವಳು ಬುಟ್ಟಿ ಎತ್ತಿ ಕೊಟ್ಟಳು. ಎತ್ತುವಾಗ ಚೂಡಿದಾರದ ಉದ್ದ ತೋಳು ಮೊಣಕೈಗೆ ಜಾರಿತು.

ಬುಟ್ಟಿ ಹಿಡಿದ ಕೈ ಹಾಗೇ ನಿಂತುಬಿಟ್ಟಿತು.

"ಶಾಂತಲಾ...?"

ಮುಖವನ್ನೂ ನೋಡದೆ ಹೆಸರು ಹಿಡಿದು ಕರೆದವರು ಯಾರು?

ಬೆರಳಿನಿಂದ ಮೊಣಕೈವರೆಗೆ ಹಬ್ಬಿದ್ದ ಬಿಳಿ ಮಚ್ಚೆಗಳನ್ನು ಅವಳು ಥಟ್ಟನೆ ಮುಚ್ಚಿಕೊಂಡಳು. ಅಷ್ಟರಲ್ಲಿ ನವಿಲಿನ ಕತ್ತಿನ ಪಕ್ಕದಿಂದ ಒಂದು ಮುಖ ಇಣುಕಿತು.

ನಾಗಭೂಷಣ!

ಶ್ರಾವಣದಲ್ಲಿ ಅವಳನ್ನು ನೋಡಲು ಅಟ್ಟೂರಿನ ಮನೆಗೆ ಬಂದಿದ್ದವನು. ಹೆಬ್ಬಾಳದ ದನದ ಡಾಕ್ಟರು. ಟೆರೇಸ್ ಮೇಲೆ ಇಬ್ಬರನ್ನೇ ಮಾತಾಡಲು ಬಿಟ್ಟಾಗ, ಎಮ್ಮೆಯೊಂದು ತನ್ನ ಕನ್ನಡಕ ಕಿತ್ತು ಅಗಿದ ಕಥೆ ಹೇಳಿ ನಗಿಸಿದ್ದ. ಮತ್ತಿಕೆರೆಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಶಾಂತಲಾ, ಇಂಥ ಕೇಸ್ ನಾನು ಕೇಳೇ ಇಲ್ಲ ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಮೇಲೆ ತಾನಾಗಿಯೇ ತೋಳು ಸರಿಸಿ ಕೈ ತೋರಿಸಿದ್ದಳು. "ಮುಂಚೆನೇ ನೋಡ್ಬಿಡಿ" ಎಂದಿದ್ದಳು.

ವಾರ ಕಳೆದ ಮೇಲೆ ಅಪ್ಪ ಮುನಿಕೃಷ್ಣಪ್ಪ ತಲೆ ತಗ್ಗಿಸಿ ಹೇಳಿದ್ದ. "ಅವ್ರಿಗೆ ಒಪ್ಪಿಗೆ ಇಲ್ವಂತೆ ಕಣವ್ವಾ."

ಅವತ್ತಿನಿಂದ ಅವಳು ಬಿಸಿಲಿರಲಿ, ಸೆಕೆಯಿರಲಿ, ಉದ್ದ ತೋಳು ಬಿಟ್ಟು ಬೇರೆ ಹಾಕಿರಲಿಲ್ಲ.

ನಾಳೆ ಯಲಹಂಕದಲ್ಲಿ ರಾಜ್ಯೋತ್ಸವದ ಮೆರವಣಿಗೆ. ಆ ನೂಕುನುಗ್ಗಲಲ್ಲಿ ಮುಂದಿನವರ ತಲೆ ಬಿಟ್ಟರೆ ಏನೂ ಕಾಣುವುದಿಲ್ಲ, ಇವತ್ತೇ ಹತ್ತಿರದಿಂದ ನೋಡೋಣ ಬಾ ಎಂದು ಅಪ್ಪನೇ ಒತ್ತಾಯ ಮಾಡಿ ಕರೆತಂದಿದ್ದ. ನ್ಯೂಟೌನ್ ಮೈದಾನದಲ್ಲಿ ಟ್ರ್ಯಾಕ್ಟರುಗಳ ಮೇಲೆ ಹೂವಿನ ಸ್ತಬ್ಧಚಿತ್ರಗಳು ಸಾಲಾಗಿ ನಿಂತಿದ್ದವು. ದೂರದಿಂದ ಸುಣ್ಣ ಬಳಿದಂತಿದ್ದ ಆನೆ, ಹತ್ತಿರ ಹೋದರೆ ಬರೀ ಸುಗಂಧರಾಜದ ಮೊಗ್ಗು! ವೀಣೆಯ ಬುರುಡೆಗೆ ಚೆಂಡು ಹೂ. ನವಿಲಿನ ಕತ್ತಿಗೆ ನೇರಳೆ ಆಸ್ಟರ್, ಗರಿಗಳಿಗೆ ಮರುಗ. ಯಾರೋ ನೀರು ಚಿಮುಕಿಸುತ್ತಿದ್ದರು. ಒದ್ದೆ ಹೂವಿನ ವಾಸನೆಗೆ ಜನರೇಟರಿನ ಡೀಸೆಲ್ ವಾಸನೆ ಬೆರೆತಿತ್ತು. ಬಹಳ ದಿನಗಳ ಮೇಲೆ ಅವಳ ಮನಸ್ಸು ಹಗುರವಾಗಿತ್ತು...

ಇವನು ಸಿಗುವವರೆಗೆ.

ನಾಗಭೂಷಣ ಬುಟ್ಟಿ ಹಿಡಿದೇ ಏಣಿ ಇಳಿದು ಬಂದ. ಕೂದಲಿನಲ್ಲೆಲ್ಲ ಹೂವಿನ ಎಸಳು.

"ಚೆನ್ನಾಗಿದ್ದೀರಾ? ನಮ್ಮ ಹೆಬ್ಬಾಳದ ಹುಡುಗರ ಟ್ಯಾಬ್ಲೋ ಇದು. ನಾನು ಸುಮ್ನೆ..."

"ಬೇಡ ಅಂದವರು ಹೆಸರು ಯಾಕೆ ನೆನಪಿಟ್ಕೊಂಡಿದ್ದೀರಾ?"

ಅವನು ಕಕ್ಕಾಬಿಕ್ಕಿಯಾದ. "ಯಾರು ಬೇಡ ಅಂದಿದ್ದು?"

"ನೀವು!"

"ನಾನಾ? ಹುಡುಗಿಗೆ ಇಷ್ಟ ಇಲ್ಲ ಅಂತ ನಿಮ್ಮನೆಯಿಂದಾನೇ ಫೋನ್ ಬಂತಲ್ರೀ! ಎರಡು ಸಲ ನಿಮ್ಮ ಅಂಗಡಿ ತನಕ ಬಂದು ವಾಪಸ್ ಹೋದೆ. ಇಷ್ಟ ಇಲ್ಲ ಅಂದವರ ಹಿಂದೆ ಬಿದ್ದು ಕಾಟ ಕೊಡಬಾರದು ಅಂತ..."

ಸುಳ್ಳಾ? ಅವಳು ಅವನ ಕಣ್ಣನ್ನೇ ನೋಡಿದಳು. ಸುಳ್ಳು ಹೇಳುವವರ ಕಣ್ಣಲ್ಲ ಅದು... ಹಾಗಾದರೆ?

ಹಿಂದಿನಿಂದ ಕೆಮ್ಮಿದ ಸದ್ದು. ಮುನಿಕೃಷ್ಣಪ್ಪ ಎರಡು ಲೋಟ ಟೀ ಹಿಡಿದು ನಿಂತಿದ್ದ. ಟೀ ತುಳುಕಿ ಬೆರಳು ಸುಡುತ್ತಿದ್ದರೂ ಅವನಿಗೆ ಅರಿವಿರಲಿಲ್ಲ.

"ಅಪ್ಪಾ... ಫೋನ್ ಮಾಡಿದ್ದು ನೀನಾ?"

ಅವನು ಮಗಳ ಮುಖ ನೋಡದೆ ಹೇಳಿದ.

"ನಾನೇ ಕಣವ್ವಾ. ಅವತ್ತು ಇವ್ರು ಒಂಟು ಕಾರ್ ಅತ್ತುವಾಗ ಇವರ ಸೋದರತ್ತೆ ಅಂದ್ರು... ಮದುವೆ ದಿನ ಉದ್ದ ತೋಳಿನ ರವಿಕೆ ಆಕ್ಸಿ, ಪೋಟೋದಾಗೆ ಕಾಣ್ಸಲ್ಲ ಅಂತ. ನಕ್ಕೊಂಡೇ ಅಂದ್ರು. ಇಂಗೆ ದಿನಾ ಅನ್ನಿಸ್ಕಂಡು ನನ್ ಮಗಳು ಬದುಕ್ಬೇಕಾ ಅಂತ ಒಟ್ಟೆ ಉರಿದೋಯ್ತು. ಬ್ಯಾಡ ಅಂದ್ಬುಟ್ಟೆ."

"ಮತ್ತೆ ನಂಗ್ಯಾಕೆ ಅವರೇ ಬೇಡ ಅಂದ್ರು ಅಂದೆ?"

"ಆ ಮಾತು ನಿನ್ ಕಿವಿಗೆ ಬೀಳೋದು ಬ್ಯಾಡ ಅಂತ..."

"ಆ ಮಾತು ಕೇಳಿದ್ರೆ ಒಂದು ದಿನ ಅಳ್ತಿದ್ದೆ ಅಪ್ಪಾ. ನಿನ್ನ ಈ ಸುಳ್ಳಿನಿಂದ ನನ್ನ ಕೈನೇ ನಂಗೆ ಬೇಡ ಆಗೋಯ್ತು!"

ಮುನಿಕೃಷ್ಣಪ್ಪ ಲೋಟ ಕೆಳಗಿಟ್ಟು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಅಪ್ಪನ ಮೇಲೆ ಉಕ್ಕಿದ ಸಿಟ್ಟು ಅದನ್ನು ನೋಡಿ ಅಲ್ಲೇ ತಡವರಿಸಿತು. ಅವಳು ಅವನ ತೋಳು ಹಿಡಿದು ಹತ್ತಿರದ ಕುರ್ಚಿಯಲ್ಲಿ ಕೂರಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಕೈಯನ್ನೂ ಬಿಡಲಿಲ್ಲ.

ನಾಗಭೂಷಣನ ಮುಖ ಕಪ್ಪಿಟ್ಟಿತ್ತು. "ಅತ್ತೆ ಹಾಗಂದಿದ್ದು ನಂಗೆ ಗೊತ್ತಿರ್ಲಿಲ್ಲ ಸಾರ್. ಗೊತ್ತಾಗಿದ್ರೆ ಸುಮ್ನಿರ್ತಿರ್ಲಿಲ್ಲ. ತಪ್ಪಾಯ್ತು."

"ನೀವೇನ್ ತಪ್ಪು ಮಾಡಿದ್ರಪ್ಪಾ? ಮಗಳ್ನ ಕೇಳ್ದೆ ತೀರ್ಮಾನ ಮಾಡ್ದೋನು ನಾನು" ಎಂದ ಮುನಿಕೃಷ್ಣಪ್ಪ. ಆಮೇಲೆ ಮಗಳತ್ತ ನೋಡಿದ. "ಈಗ ನೀನೇ ಮಾತಾಡವ್ವ. ನಾ ಆನೆ ನೋಡ್ಕಂಡ್ ಬತ್ತೀನಿ."

ಅವನು ನಿಧಾನವಾಗಿ ಎದ್ದು ಹೋದ.

ಇಬ್ಬರೇ ಉಳಿದರು. ಜನರೇಟರು ಗುರುಗುಟ್ಟುತ್ತಿತ್ತು.

"ಒಂದು ಕೇಳ್ಲಾ? ನಿಜ ಹೇಳ್ಬೇಕು" ಎಂದಳು ಶಾಂತಲಾ. "ಅವತ್ತು ಈ ಕೈ ನೋಡಿದಾಗ ನಿಮಗೆ ಏನನ್ನಿಸ್ತು? ಮಚ್ಚೆ ಹೂವಿನ ಥರ ಇದೆ ಅಂತೆಲ್ಲ ಹೇಳ್ಬೇಡಿ ಮತ್ತೆ."

ಅವನು ಕೂದಲಿನ ಎಸಳು ಕೊಡವಿಕೊಂಡ.

"ಗಾಬರಿ ಆಯ್ತು. ನಿಜ. ಏನು ಹೇಳ್ಬೇಕು ಅಂತ ತೋಚಲಿಲ್ಲ. ಮನೆಗೆ ಹೋಗೋ ದಾರೀಲಿ ಅದನ್ನೇ ಯೋಚನೆ ಮಾಡ್ತಿದ್ದೆ. ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಾಗ, ನೀವು ಆ ಎಮ್ಮೆ ಕಥೆಗೆ ನಕ್ಕಿದ್ದು ನೆನಪಾಯ್ತು. ಒಬ್ಬನೇ ನಗೋಕೆ ಶುರು ಮಾಡಿದೆ. ಪಕ್ಕದ ಆಟೋದವನು, ಏನ್ ಗುರು ಹುಷಾರಿದ್ದೀಯಾ ಅಂದ. ಅಷ್ಟೇ ಶಾಂತಲಾ. ಆಮೇಲೆ ನಿಮ್ಮನ್ನ ನೆನೆಸ್ಕೊಂಡಾಗೆಲ್ಲ ಆ ನಗುನೇ ಬರೋದು."

ಅವಳು ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಗಾಬರಿ ಆಯ್ತು ಅಂದನಲ್ಲ! ಅದೊಂದು ಮಾತಿಗೇ ಉಳಿದ ಮಾತುಗಳನ್ನೆಲ್ಲ ನಂಬಬೇಕೆನಿಸಿತು.

"ನಿಮ್ಮ ಅತ್ತೆ ನಾಳೆ ಮೆರವಣಿಗೆಗೆ ಬರ್ತಾರಾ?"

"ಬರ್ತಾರೆ. ಇವತ್ತೇ ಅವರ ಹತ್ರ ಮಾತಾಡ್ತೀನಿ."

"ನೀವು ಮಾತಾಡಿ. ನಾನೂ ಬಂದು ಮಾತಾಡಿಸ್ತೀನಿ. ಅರ್ಧ ತೋಳಿನ ರವಿಕೆ ಹಾಕ್ಕೊಂಡು!"

ಅವನ ಕಣ್ಣು ಅರಳಿತು.

ಶಾಂತಲಾ ಚೂಡಿದಾರದ ಎರಡೂ ತೋಳು ಮೇಲಕ್ಕೆ ಮಡಚಿದಳು. ಸಂಜೆಯ ತಂಪು ಗಾಳಿ ಬರಿಗೈಗೆ ತಾಗಿತು. ಆಹಾ, ಎಷ್ಟು ದಿನವಾಗಿತ್ತು! ಬುಟ್ಟಿಯಿಂದ ಹಿಡಿ ಸೇವಂತಿಗೆ ತೆಗೆದು, ನವಿಲಿನ ಗರಿಯಲ್ಲಿ ಖಾಲಿ ಉಳಿದಿದ್ದ ಕಣ್ಣೊಂದಕ್ಕೆ ಒಂದೊಂದಾಗಿ ಚುಚ್ಚತೊಡಗಿದಳು. ಅವನೂ ಪಕ್ಕದಲ್ಲಿ ನಿಂತು ತೊಟ್ಟು ಕತ್ತರಿಸಿ ಕೊಡುತ್ತಾ ಹೋದ.

"ನಿಮ್ಮ ನಂಬರ್ ಕೊಡಿ" ಎಂದಳು ಅವನತ್ತ ನೋಡದೆಯೇ. "ಇನ್ಮೇಲೆ ಬೇಡ ಅನ್ನೋದಿದ್ರೆ ನಂಗೇ ಹೇಳಿ. ನಡುವೆ ಯಾರೂ ಬೇಡ."

"ಬೇಕು ಅನ್ನೋದಿದ್ರೆ?"

ಅವಳ ಬೆರಳು ನಿಂತಿತು. "ಅದನ್ನೂ... ನಂಗೇ."

"ಹಾಗಾದ್ರೆ ಈಗಲೇ ಹೇಳ್ತೀನಿ. ನೀವು ಬೇಕು ಶಾಂತಲಾ."

"ಏನು? ಜನರೇಟರ್ ಸದ್ದಲ್ಲಿ ಕೇಳಿಸ್ಲಿಲ್ಲ."

"ನೀವು ಬೇಕು ಅಂದೆ!"

ಅವನು ಕೂಗಿದ ಹೊತ್ತಿಗೇ ಯಾರೋ ಜನರೇಟರು ಆರಿಸಿದ್ದರು. ಇಡೀ ಮೈದಾನ ತಿರುಗಿ ನೋಡಿತು! ಆನೆಯ ಬಳಿ ನಿಂತಿದ್ದ ಮುನಿಕೃಷ್ಣಪ್ಪ ಕೂಡ.

ಮುಸ್ಸಂಜೆಯ ಮಬ್ಬಿನಲ್ಲಿ ಅವಳು ನಗುತ್ತಾ ಅವನ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಮೊದಲನೇ ಸಲಾನೇ ಕೇಳಿಸಿತ್ತು ಕಣ್ರೀ."