ಗೋರಿಮೆಳೆಯ ಸೀಳು

"ಒರತೆ ಹತ್ರದ ಮೆಳೇಲೇ ಕಡಿ. ಗೋರಿಮೆಳೆ ಕಡೆ ತಿರುಗೀಯ ಮತ್ತೆ," ಅಂದಳು ಸೂಲಗಿತ್ತಿ ಉನಿಂಗ್, ಮಗಳ ಹೊಟ್ಟೆಯ ಮೇಲಿಂದ ಕೈ ತೆಗೆಯದೆ.

"ಎರಡೂ ಕರೀ ಬಿದಿರೇ ಅಲ್ವಾ, ಅತ್ತೆ? ಗೋರಿ ಬಿದಿರಿಗೇನು ಹಲ್ಲಿದೆಯಾ?" ಅಳಿಯ ತಾರ್ದಿ ನಕ್ಕ. ಜಕಾರ್ತದವನು. ಹೆಂಡತಿಯ ಹೆರಿಗೆಗೆಂದು ಈ ಸುಂಡಾ ಹಳ್ಳಿಗೆ ಬಂದು ಮೂರು ದಿನವಾಗಿತ್ತು.

"ಅದು ಹೆಣದ ಮೇಲೆ ಹಾಸೋ ಬಿದಿರು. ಮಾಟ ಮಾಡಿ ನೆಟ್ಟಿದ್ದು. ಅದು ಕುಯ್ದಿದ್ದು ಅದಕ್ಕೇ ಸೇರತ್ತೆ."

"ಹೊಕ್ಕುಳಬಳ್ಳಿ ಕುಯ್ಯೋಕೆ ಬ್ಲೇಡು ತರ್ತೀನಿ ಅಂದ್ರೆ ಬೇಡ. ಬಿದಿರು ಅಂದ್ರೆ ಅದ್ರಲ್ಲೂ ನೂರೆಂಟು!"

"ಆಮೇಲೆ ಜಗಳ ಆಡಿ. ಮೊದ್ಲು ಹೋಗ್ರೀ!" ಹೆರಿಗೆ ನೋವಿಗೆ ಕಾರ್ಸಿಹ್ ಹಲ್ಲು ಕಚ್ಚಿದಳು.

ಒರತೆ ಗುಡ್ಡದ ಕೆಳಗೆ, ಜಾರುವ ಕೆಸರಿನಾಚೆ. ಗೋರಿಗಳು ಹಿತ್ತಲ ಬೇಲಿಗೆ ತಾಗಿಕೊಂಡೇ ಇದ್ದವು. ಮಟಮಟ ಮಧ್ಯಾಹ್ನ. ಆದರೂ ಮೆಳೆಯೊಳಗೆ ಬಿಸಿಲಿರಲಿಲ್ಲ. ಹಸಿಮಣ್ಣು, ಕೊಳೆತ ದೇವಗಣಗಿಲೆಯ ವಾಸನೆ. ಗಳಗಳು ಒಂದಕ್ಕೊಂದು ಉಜ್ಜಿ ನರಳುತ್ತಿದ್ದವು. ಗಾಳಿ ಇರಲಿಲ್ಲ. ತಾರ್ದಿ ಬೇಗ ಕಡಿದ. ಗಳ ಬಿದ್ದದ್ದು ಕೇಳಿಸಲಿಲ್ಲ.

"ಒರತೇದೇ ತಾನೆ?" ಅವನು ಮರಳಿದಾಗ ಉನಿಂಗ್ ಕೇಳಿದಳು.

"ಮತ್ತೆ?"

ಅಷ್ಟರಲ್ಲಿ ಹೆಣ್ಣುಕೂಸು ಹುಟ್ಟಿ ಚೀರುತ್ತಿತ್ತು. ಉನಿಂಗ್ ಬಿದಿರನ್ನು ಸೀಳಿ, ಅಲಗಿನಂತೆ ಹೆರೆದು, ಹೊಕ್ಕುಳಬಳ್ಳಿಯನ್ನು ಅರಿಸಿನದ ಕೊಂಬಿನ ಮೇಲಿಟ್ಟು ಕುಯ್ದಳು.

ಅಳು ನಿಂತಿತು.

ಕೂಸಿನ ತುಟಿ ನೀಲಿಯಾಯಿತು. ಉಗುರು ನೀಲಿಯಾಯಿತು. ಉನಿಂಗ್ ಸೀಳನ್ನು ಮೂಸಿದಳು. ಅಳಿಯನ ಮುಖ ನೋಡಿದಳು.

"ಎಲ್ಲೀದು ಇದು?"

ಅವನು ಹಿತ್ತಲ ಕಡೆ ನೋಡಿದ.

"ಪಾಪಿ! ಇನ್ನು ಬದಲಿ ಕೊಡದೆ ಬಿಡಲ್ಲ ಅದು. ಇನ್ನೊಬ್ಬರು ಇದೇ ಸೀಳಲ್ಲಿ ಕುಯ್ಕೊಂಡು ಎದೇಲಿರೋದನ್ನ ಅದಕ್ಕೆ ಕೊಡಬೇಕು. ಇರಲಿ, ನಾನು ಮುದುಕಿ, ನಂದೆಲ್ಲ ಮುಗೀತು..."

ಅವಳ ಕೈಯಿಂದ ತಾರ್ದಿ ಅದನ್ನು ಕಿತ್ತುಕೊಂಡ. ಅಂಗೈಗೆ ಎಳೆದ. ನೋವಿಲ್ಲ. ಮತ್ತೆ ಎಳೆದ. ಆಳಕ್ಕೆ. ಬಿಳಿ ಮಾಂಸ ಕಂಡಿತು. ರಕ್ತ ಬರಲಿಲ್ಲ. ಬೆರಳು ತಣ್ಣಗಾದವು. ಮೊಣಕೈ. ಭುಜ. ಎದೆ. ಅಲ್ಲಿ ಏನೋ ಒಂದು ಆರಿತು.

ಕೂಸು ಕಿರುಚಿತು.

"ಬದುಕ್ತು! ರೀ, ನೋಡ್ರೀ!" ಕಾರ್ಸಿಹ್ ಅಳುತ್ತ ನಗುತ್ತಿದ್ದಳು. ಉನಿಂಗ್ ನಗಲಿಲ್ಲ. ಕೂಸನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅಳಿಯನ ಮಡಿಲಿಗೆ ಹಾಕಿ, ಅವನ ಕಣ್ಣನ್ನೇ ನೋಡುತ್ತ ಕೂತಳು.

ಕೂಸು ಅವನ ಬೆರಳು ಹಿಡಿದುಕೊಂಡಿತು. ತಾರ್ದಿ ನೋಡಿದ. ಮೂಗು, ಕಣ್ಣು, ಕಿವಿ. ಎಲ್ಲ ಇದ್ದವು. ಎದೆಯಲ್ಲಿ ಏನೂ ಏಳಲಿಲ್ಲ. ಹೊರಗೆ ಯಾರೋ ಭತ್ತ ಕುಟ್ಟುತ್ತಿದ್ದರು. ಅದನ್ನೂ ಕೇಳಿಸಿಕೊಂಡ.

"ಏನ್ ಹೆಸರಿಡೋಣ, ರೀ?" ಕಾರ್ಸಿಹ್ ಕೇಳಿದಳು.

"ಯಾರಿಗೆ?" ಅಂದ.